ಶುಕ್ರವಾರದ ಕಬಾಬು

ಎಲುಬಿಲ್ಲದ ನಾಲಿಗೆ ಎಲ್ಲಿಗೆ ಬೇಕಾದರೂ ಹೊರಳುತ್ತದೆ. ಸಹಾಯಮೇರಿಯ ನಾಲಿಗೆ ಹೊರಳಿದ್ದು ಶಿವರಾತ್ರಿಯ ಮರುದಿನ ಬೆಳಿಗ್ಗೆ, ಶಿವಮೊಗ್ಗದ ವಿದ್ಯಾನಗರದ ಪಿ.ಜಿ.ಯ ಮಹಡಿ ಕೋಣೆಯಲ್ಲಿ, ಅವಳು ಇನ್ನೂ ಹಲ್ಲುಜ್ಜುವ ಮೊದಲೇ.

ಆ ಕೋಣೆಯಲ್ಲಿ ಮೂವರಿದ್ದರು. ಮೂವರದ್ದೂ ಒಂದೇ ಕಾಲೇಜು, ಎರಡನೇ ವರ್ಷದ ಬಿ.ಕಾಂ. ಹೊಳೆಹೊನ್ನೂರಿನ ಅಕ್ಷರಾ ಲಿಂಗಾಯತರ ಮನೆಯ ಹುಡುಗಿ. ಸ್ನಾನ ಮುಗಿಸಿ ಬಂದರೆ ಮೊದಲು ಹಣೆಗೆ ವಿಭೂತಿ, ಆಮೇಲೆ ಫೋನಿಗೆ ಚಾರ್ಜರು. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಶಿಕಾರಿಪುರದ ಬಸ್ ಕಂಡಕ್ಟರರ ಮಗಳು ಇಂಪನಾಳಿಗೆ ಕೋಳಿ ಸಿಕ್ಕಿದರೆ ಕೋಳಿ, ಸಿಗದಿದ್ದರೆ ಕೋಳಿಯ ಮಾತು. ಮೂರನೆಯವಳೇ ನಮ್ಮ ಸಹಾಯಮೇರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಸವರಿಮುತ್ತುವಿನ ಒಬ್ಬಳೇ ಮಗಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಚರ್ಚಿನಲ್ಲಿ ಎರಡೂ. ಕಾಲೇಜಿನಲ್ಲಿ ಎಲ್ಲರೂ ಮೇರಿ ಎಂದಷ್ಟೇ ಕರೆಯುತ್ತಿದ್ದರು.

ಮೇರಿ ಪ್ರತಿ ಭಾನುವಾರ ಪೂಜೆಗೆ ಹೋಗುತ್ತಿದ್ದಳು. ಹೋಗಿ, ಚರ್ಚಿನ ಗೇಟಿನ ಬಳಿ ನಿಂತು, ತಲೆಯ ಮೇಲೆ ದುಪಟ್ಟಾ ಹೊದ್ದು ಒಂದು ಸೆಲ್ಫಿ ತೆಗೆದು ಅಮ್ಮನಿಗೆ ಕಳಿಸುತ್ತಿದ್ದಳು. ಕೆಲವು ವಾರ ಆಮೇಲೆ ಒಳಗೂ ಹೋಗುತ್ತಿದ್ದಳು. ಅಮ್ಮ ಲೂರ್ದಮ್ಮ ಭದ್ರಾವತಿಯಲ್ಲಿ ಕುಳಿತು ಆ ಫೋಟೋಕ್ಕೆ ಎರಡು ಕೈ ಮುಗಿದ ಚಿತ್ರ ಕಳಿಸಿದರೆ ಮಗಳ ಆ ವಾರದ ಭಕ್ತಿ ಸಂಪನ್ನವಾಗುತ್ತಿತ್ತು.

ಶಿವರಾತ್ರಿ ಜಾಗರಣೆ ಮುಗಿಸಿದ ಅಕ್ಷರಾ ಊದಿದ ಕಣ್ಣಿನಲ್ಲಿ ಬಂದು ಮಂಚದ ಮೇಲೆ ಕುಳಿತು ಹೇಳಿದಳು: "ಒಂದು ತೊಟ್ಟು ನೀರು ಕುಡ್ದಿಲ್ಲ ಕಣ್ರೇ. ನಮ್ಮಜ್ಜಿಗೆ ಎಪ್ಪತ್ತೆಂಟು, ಅವ್ರೂ ಕುಡ್ದಿಲ್ಲ. ನಿಮ್ಮಲ್ಲಿ ಇದೆಲ್ಲ ಇಲ್ಲ ಅಲ್ವಾ ಮೇರಿ? ನಿಮ್ದು ಬರೀ ಕೇಕು, ವೈನು."

ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ಮೇರಿಗೆ ಚುಚ್ಚಿತು. "ನಿಮ್ದು ಒಂದೇ ಒಂದು ರಾತ್ರಿ ಮಾರಾಯ್ತಿ. ನಮ್ದು ನಲವತ್ತು ದಿನ," ಎಂದುಬಿಟ್ಟಳು. "ಬರೋ ಬುಧವಾರದಿಂದ ಶುರು. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಸ್ವೀಟೂ ಮುಟ್ಟಲ್ಲ."

"ನಲವತ್ತು ದಿನ ಕೋಳಿ ಇಲ್ಲದೇನಾ?" ಇಂಪನಾ ಎದೆ ಮುಟ್ಟಿಕೊಂಡಳು. "ಅದು ವ್ರತ ಅಲ್ಲ ಕಣೇ, ಜೈಲು."

ಮೇರಿ ಹೇಳಿದ್ದೇನೂ ಸುಳ್ಳಲ್ಲ. ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಅವಳ ಮನೆಯಲ್ಲಿ ಹಾಗೆಯೇ ನಡೆಯುತ್ತಿತ್ತು. ನಡೆಸುತ್ತಿದ್ದದ್ದು ಮಾತ್ರ ಅಮ್ಮ ಒಬ್ಬಳೇ. ಮೇರಿ ಹಿಂದಿನ ವರ್ಷ ನೂಡಲ್ಸ್ ಬಿಡುತ್ತೇನೆಂದು ಹೊರಟು ಒಂಬತ್ತನೆಯ ದಿನ ಮತ್ತೆ ಹಿಡಿದುಕೊಂಡಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಹುಟ್ಟಿದ್ದೇ ಇಂಥವರನ್ನು ನೋಡಿ.

ಬುಧವಾರ ಬಂತು. ಅಮ್ಮ ಬೆಳಿಗ್ಗೆ ಐದೂವರೆಗೆ ಫೋನು ಮಾಡಿ ಎಬ್ಬಿಸಿದ್ದರಿಂದ ಮೇರಿ ಚರ್ಚಿಗೆ ಹೋಗಿ ಹಣೆಗೆ ಶಿಲುಬೆಯ ಆಕಾರದಲ್ಲಿ ಬೂದಿ ಹಚ್ಚಿಸಿಕೊಂಡು ಬಂದಳು. ಅದನ್ನು ನೋಡಿದ ಅಕ್ಷರಾ ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆದಳು.

"ಇದು ವಿಭೂತಿ ಅಲ್ವೇನೇ?"

"ಹೂಂ. ಈ ದಿನಕ್ಕೆ ನಾವು ವಿಭೂತಿ ಬುಧವಾರ ಅಂತಾನೇ ಅನ್ನೋದು."

"ಅಯ್ಯೋ ಶಿವನೇ! ನಮ್ದು ಬರೀ ಅಡ್ಡ. ನಿಮ್ದು ಅಡ್ಡಾನೂ ಉಂಟು, ಉದ್ದಾನೂ ಉಂಟು!"

ಅಕ್ಷರಾಳ ಕಣ್ಣಿನಲ್ಲಿ ಅಂದಿನಿಂದ ಮೇರಿ ಬೇರೆಯೇ ಆಗಿಹೋದಳು. ಆಗಲೇ ಅಜ್ಜಿ ಕಲ್ಲಮ್ಮನಿಗೆ ಫೋನು ಹಚ್ಚಿ, ರೂಂಮೇಟಿನ ವಿಭೂತಿಯನ್ನೂ ನಲವತ್ತು ದಿನದ ವ್ರತವನ್ನೂ ವರದಿ ಮಾಡಿದಳು. ಸ್ಪೀಕರಿನಲ್ಲಿ ಅಜ್ಜಿಯ ದನಿ ಕೋಣೆಯ ತುಂಬ ಕೇಳಿಸಿತು: "ಒಳ್ಳೇ ಹುಡುಗಿ ಕಣವ್ವ. ಯಾವ ಮಠದೋರಂತೆ?"

"ಯೇಸು ಮಠ ಅಜ್ಜಿ!" ಎಂದು ಇಂಪನಾ ಆಚೆಯಿಂದ ಕೂಗಿದಳು.

"ಯಾವ್ದಾದ್ರೂ ಆಗ್ಲಿ. ಹಸಿದ ಹೊಟ್ಟೆಗೆ ಮಠ ಯಾವ್ದು? ನೀನೂ ನೋಡಿ ಕಲ್ತ್ಕೋ."

ಅಲ್ಲಿಗೆ ಮೇರಿಯ ಕತೆ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಷರಾ ಡ್ರಾಯಿಂಗ್ ಹಾಳೆಯ ಮೇಲೆ ಚೌಕದ ಮನೆಗಳನ್ನು ಗೀಚಿ ಗೋಡೆಗೆ ಅಂಟಿಸಿದಳು. ವ್ರತದ ಒಂದೊಂದು ದಿನಕ್ಕೂ ತನ್ನ ಕೈಯಾರೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕತೊಡಗಿದಳು. ಅಡುಗೆ ಮಾಡುವ ಮಾಸ್ತಮ್ಮನಿಗೆ ಹೇಳಿ ಮೇರಿಯ ತಟ್ಟೆಯಿಂದ ಗುರುವಾರದ ಮೊಟ್ಟೆ ಕಿತ್ತುಹಾಕಿಸಿದಳು. ಕಾಲೇಜು ಕ್ಯಾಂಟೀನಿನಲ್ಲಿ ಮೇರಿ ಎಗ್ ಪಫ್ ಹಿಡಿದಿದ್ದಾಗ ಎಲ್ಲಿಂದಲೋ ಹದ್ದಿನಂತೆ ಬಂದು ಕಸಿದುಕೊಂಡಳು.

"ಭಾನುವಾರ ಲೆಕ್ಕಕ್ಕಿಲ್ಲ ಕಣೇ," ಎಂದು ಮೇರಿ ಒಂದು ವಾರ ಸಂದಿ ಹುಡುಕಿದಳು. "ಚರ್ಚಿನಲ್ಲೇ ಹೇಳ್ತಾರೆ. ಭಾನುವಾರ ಬಿಟ್ಟು ನಲವತ್ತು."

"ನಿಮ್ಮ ದೇವ್ರಿಗೂ ವೀಕ್ ಆಫಾ? ಅದೆಲ್ಲ ಆಗಲ್ಲ. ಈಸ್ಟರ್‌ವರೆಗೆ ನಲವತ್ತಾರು ಮನೆ ಹಾಕಿದೀನಿ, ನಲವತ್ತಾರೂ ತುಂಬ್ಬೇಕು. ಬಿ.ಕಾಂ. ಓದೋರ ಹತ್ರ ಲೆಕ್ಕ ಹೇಳ್ಬೇಡ."

ಹುಟ್ಟಿದಾಗಿನಿಂದ ಪಾದ್ರಿಗಳು, ಕನ್ಯಾಸ್ತ್ರೀಯರು, ಹೆತ್ತ ತಾಯಿ ಎಲ್ಲರೂ ಸೇರಿ ಮಾಡಲಾಗದ್ದನ್ನು ಒಬ್ಬ ಲಿಂಗಾಯತ ಹುಡುಗಿ ಮಾಡುತ್ತಿದ್ದಳು: ಸಹಾಯಮೇರಿಯನ್ನು ಒಳ್ಳೆಯ ಕ್ಯಾಥೊಲಿಕ್ ಮಾಡುತ್ತಿದ್ದಳು.

ಮಾರ್ಚ್ ಮೊದಲ ವಾರ ಕ್ಲಾಸಿನವರೆಲ್ಲ ತ್ಯಾವರೆಕೊಪ್ಪದ ಸಫಾರಿಗೆ ಹೋದರು. ಬಿಸಿಲಿಗೆ ಕಾಲು ಚಾಚಿ ಮಲಗಿದ್ದ ಹುಲಿಯನ್ನು ತೋರಿಸಿ ವ್ಯಾನಿನ ಡ್ರೈವರು, ವಾರಕ್ಕೊಂದು ದಿನ ಇವಕ್ಕೂ ಊಟ ಇಲ್ಲ, ಹೊಟ್ಟೆಗೆ ಒಳ್ಳೇದು ಅಂತ ಉಪವಾಸ ಕೆಡವ್ತಾರೆ ಎಂದ. ಇಂಪನಾ ಮೇರಿಯ ಪಕ್ಕೆಗೆ ತಿವಿದಳು. "ನೋಡೇ, ಹುಲಿನೇ ಮಾಡುತ್ತೆ. ನಿನಗೇನು ದಾಡಿ?" ಹುಲಿಗೆ ವಾರಕ್ಕೊಂದೇ ದಿನ ಎಂದು ಮೇರಿ ಮನಸ್ಸಿನಲ್ಲೇ ಹೊಟ್ಟೆ ಉರಿದುಕೊಂಡಳು.

ಹೀಗೆ ಇಪ್ಪತ್ತಮೂರು ದಿನ ನಡೆಯಿತು. ನಿಜ ಹೇಳಬೇಕೆಂದರೆ ಅವಳಿಗೆ ಸ್ವಲ್ಪ ಜಂಬವೂ ಬಂದಿತ್ತು.

ಇಪ್ಪತ್ತನಾಲ್ಕನೆಯ ದಿನ ಶುಕ್ರವಾರ. ತಪಸ್ಸುಕಾಲದ ಶುಕ್ರವಾರಗಳಂದು ಚರ್ಚಿನಲ್ಲಿ ಶಿಲುಬೆಯ ಹಾದಿ ನಡೆಯುತ್ತದೆ. ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ಚಿತ್ರಗಳ ಮುಂದೆ ನಿಂತು, ಮಂಡಿಯೂರಿ, ಎದ್ದು, ಮತ್ತೆ ಮಂಡಿಯೂರಿ ಪ್ರಾರ್ಥನೆ ಮಾಡಬೇಕು. ಈ ವಾರ ಊರಿಗೇ ಬಾ, ಅಪ್ಪನೂ ಸೇರಿ ಮೂವರೂ ಒಟ್ಟಿಗೆ ಹೋಗೋಣ ಎಂದು ಅಮ್ಮ ಆಜ್ಞೆ ಮಾಡಿದ್ದಳು. ಮೇರಿ ಸಂಜೆ ಆರು ಗಂಟೆಗೆ ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಆರೂವರೆಗೆ ಪ್ರಾರ್ಥನೆ. ನೆಟ್ಟಗೆ ನಡೆದಿದ್ದರೆ ಹತ್ತು ನಿಮಿಷದ ದಾರಿ.

ಆದರೆ ದಾರಿಯಲ್ಲಿ ಗಾಡಿಯಿತ್ತು. ಗಾಡಿಯ ಮೇಲೆ ಬಾಣಲೆಯಿತ್ತು. ಬಾಣಲೆಯಲ್ಲಿ ಕೆಂಪು ಕೆಂಪಾದ ಕೋಳಿ ಕಬಾಬು, ಕರಿಬೇವಿನ ಜೊತೆ, ಚಟಚಟ ಎನ್ನುತ್ತ ತಿರುಗುತ್ತಿತ್ತು. ಆ ವಾಸನೆಗೆ ಮೇರಿಯ ಕಾಲುಗಳು ಅವಳ ಅಪ್ಪಣೆ ಕೇಳದೆ ನಿಂತುಬಿಟ್ಟವು. ಶಿವಮೊಗ್ಗ ಹದಿನೆಂಟು ಕಿಲೋಮೀಟರು ದೂರ, ಅಕ್ಷರಾಳ ಕಣ್ಣು ಎಷ್ಟೇ ಚುರುಕಾದರೂ ಇಲ್ಲಿಗೆ ಕಾಣುವುದಿಲ್ಲ. ಮೇರಿ ದುಪಟ್ಟಾವನ್ನು ಮುಖ ಮುಚ್ಚುವಂತೆ ಎಳೆದುಕೊಂಡು, ಕಣ್ಣಿನಲ್ಲೇ ಒಂದು ಪ್ಲೇಟು ಕೇಳಿ, ಗಾಡಿಯ ಹಿಂಬದಿಗೆ ಸರಿದಳು.

ಅಲ್ಲಿ ಆಗಲೇ ಒಬ್ಬರು ಗೋಡೆಗೆ ಮುಖ ಮಾಡಿ, ಬಿಸಿಲುಗಾಲದಲ್ಲಿ ಮಫ್ಲರು ಸುತ್ತಿಕೊಂಡು ತಿನ್ನುತ್ತಿದ್ದರು. ಮೇರಿಯ ಮೊಣಕೈ ಅವರಿಗೆ ತಾಗಿತು. ಅವರು ತಿರುಗಿದರು.

"ಅಪ್ಪಾ?"

ಸವರಿಮುತ್ತುವಿನ ಬಾಯಲ್ಲಿ ಕಾಲಿನ ತುಂಡಿತ್ತು. ಒಳಗೆ ಹಾಕಲೋ ಹೊರಗೆ ತೆಗೆಯಲೋ ತಿಳಿಯದೆ ಅವನು ಒಂದು ಕ್ಷಣ ಹಾಗೆಯೇ ನಿಂತ. ಆಮೇಲೆ ಅನುಭವಸ್ಥನಂತೆ ಒಳಗೆ ಹಾಕಿದ.

"ಶಿಲುಬೆ ಹಾದಿಗೆ ಹೋಗ್ಲಿಲ್ವಾ ಕಣ್ಣು?"

"ನೀವು?"

"ಹೋಗ್ತಾನೇ ಇದ್ದೆಮ್ಮಾ. ದಾರೀಲಿ ಬಿದ್ದೆ." ಅಗಿದು ನುಂಗಿ, ಆಕಾಶದ ಕಡೆ ಒಮ್ಮೆ ನೋಡಿ ಹೇಳಿದ, "ಯೇಸುಸ್ವಾಮಿನೇ ಆ ಹಾದೀಲಿ ಮೂರು ಸಲ ಬಿದ್ದವ್ರೆ. ನಾನು ಯಾವ ಮಹಾ? ನಿನ್ ಪ್ಲೇಟು ಬಂತು ನೋಡು, ಆರೋಗುತ್ತೆ. ಅಮ್ಮಂಗೆ ಮಾತ್ರ ಹೇಳ್ಬೇಡಮ್ಮಾ ಸಾಮಿ."

ಅಪ್ಪ ಮಗಳು ಗೋಡೆಗೆ ಮುಖ ಮಾಡಿ ಈರುಳ್ಳಿ ಸಮೇತ ತಿಂದರು. ಬಾಯಿ ಮುಕ್ಕಳಿಸಿ, ಸೋಂಪು ಅಗಿದು, ಎರಡು ಬೇರೆ ಬೇರೆ ಬಾಗಿಲಿನಿಂದ ಚರ್ಚಿನ ಒಳಗೆ ಹೋದರು. ಆಗ ಒಂಬತ್ತನೆಯ ಚಿತ್ರದ ಪ್ರಾರ್ಥನೆ ನಡೆಯುತ್ತಿತ್ತು. ಯೇಸು ಮೂರನೆಯ ಸಲ ಬೀಳುತ್ತಾರೆ. ಸವರಿಮುತ್ತು ಇಡೀ ಚರ್ಚಿಗೆ ಕೇಳುವಷ್ಟು ಜೋರಾಗಿ ಮಂಡಿಯೂರಿದ. ಲೂರ್ದಮ್ಮ ಮೂಗು ಅರಳಿಸಿ ಒಮ್ಮೆ ಗಂಡನನ್ನೂ ಒಮ್ಮೆ ಮಗಳನ್ನೂ ನೋಡಿದಳು. ಇಬ್ಬರೂ ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗಿದ್ದರು.

ಮೇರಿ ವಾಪಸು ಬಂದಾಗ ಗೋಡೆಯ ಹಾಳೆಯಲ್ಲಿ ಶುಕ್ರವಾರದ ಮನೆಗೆ ಹಸಿರು ಟಿಕ್ ಬಿದ್ದಾಗಿತ್ತು. "ನೀನು ಊರಲ್ಲಿದ್ರೂ ನಾನು ಹಾಕ್ದೆ. ನಿನ್ನ ಮೇಲೆ ಅಷ್ಟು ನಂಬಿಕೆ ನನಗೆ," ಎಂದಳು ಅಕ್ಷರಾ. ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮರುದಿನ ಬಿಡಬಹುದಿತ್ತು, ಆಗಲೂ ಇಲ್ಲ. ತಿಂದ ಕಬಾಬು ಒಂದೇ ದಿನದಲ್ಲಿ ಕರಗಿತು. ಹೇಳದೆ ಉಳಿದ ಮಾತು ಕರಗಲಿಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಸೋಮವಾರ ಕಲ್ಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಕ್ಷರಾಳ ಅಪ್ಪ ಷಡಕ್ಷರಪ್ಪ ಗೊಬ್ಬರದ ಅಂಗಡಿಗೆ ಬೀಗ ಹಾಕಿ, ತಾಯಿಯನ್ನು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆತಂದು ಮಲಗಿಸಿದ. ಆಪರೇಷನ್ ಮಾಡಿ ರಾಡ್ ಹಾಕಲೇಬೇಕು, ಇಲ್ಲದಿದ್ದರೆ ಅಜ್ಜಿ ಮತ್ತೆ ಏಳುವುದಿಲ್ಲ, ಮಲಗಿದಲ್ಲೇ ಎದೆಗೆ ಕಫ ಕಟ್ಟುತ್ತದೆ ಎಂದರು ಡಾಕ್ಟರು. ಕಲ್ಲಮ್ಮ ಒಪ್ಪಲಿಲ್ಲ. "ಕುಯ್ಸ್ಕೊಂಡು ಸಾಯೋದಕ್ಕಿಂತ ಹಿಂಗೇ ಸಾಯ್ತೀನಿ. ಮೈ ಮುಟ್ಟಿದ್ರೆ ನೋಡಿ," ಎಂದು ಮೂರು ದಿನ ಹಟ ಹಿಡಿದು ಮಲಗಿದಳು. ಗುರುವಾರ ಮಧ್ಯಾಹ್ನ ಅವಳೇ ಒಂದು ಷರತ್ತು ಹಾಕಿದಳು.

ಅದನ್ನು ಹೇಳಲು ಬಂದಾಗ ಅಕ್ಷರಾ ಅಳುತ್ತಿದ್ದಳು. "ನೀನು ಬರ್ಬೇಕಂತೆ ಕಣೇ. ವ್ರತದಲ್ಲಿರೋ ಆ ವಿಭೂತಿ ಹುಡುಗಿ ಬಂದು ತಲೆ ಮೇಲೆ ಕೈ ಇಟ್ಟು ಅವ್ರ ದೇವ್ರನ್ನ ಕೇಳ್ಲಿ, ಆಮೇಲೆ ಎಲ್ಲಿ ಬೇಕೋ ಅಲ್ಲಿ ಕುಯ್ಕಳ್ರಿ ಅಂತಿದಾರೆ. ನಾಳೆ ಹತ್ತು ಗಂಟೆಗೆ ಆಪರೇಷನ್ನು. ಬರ್ತೀಯ ಅಲ್ವಾ?"

"ನಾನ್ಯಾಕೆ? ನಿಮ್ಮ ಸ್ವಾಮಿಗಳು ಇದಾರಲ್ಲ..."

"ಅವ್ರು ನಿನ್ನೆನೇ ಬಂದು ಹೋದ್ರು. ಆದ್ರೆ ಅಜ್ಜಿ ಏನಂತಾರೆ ಗೊತ್ತಾ? ನಮ್ಮ ಶಿವನಿಗೆ ನನ್ನ ವಿಷಯ ಎಲ್ಲ ಗೊತ್ತು, ಅವನ ಹತ್ರ ವಶೀಲಿ ನಡೆಯಲ್ಲ. ಬೇರೆ ಕಡೆಯಿಂದ್ಲೂ ಒಂದು ಮಾತು ಹೋಗ್ಲಿ ಅಂತಾರೆ."

ಬಿಸಿತುಪ್ಪ ಬಾಯಲ್ಲಿಟ್ಟಂತಾಯಿತು ಮೇರಿಗೆ. ನಿಜ ಹೇಳಿದರೆ ಮುದುಕಿ ಆಪರೇಷನ್ ಬೇಡವೆಂದು ಮಲಗುತ್ತಾಳೆ, ಅಕ್ಷರಾ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹೇಳದಿದ್ದರೆ ಸಾವಿಗೆ ಹೆದರಿ ಮಲಗಿದ ಹೆಂಗಸಿನ ನೆತ್ತಿಯ ಮೇಲೆ ಸುಳ್ಳಿನ ಕೈ ಇಡಬೇಕು. ಬರ್ತೀನಿ ಎಂದು ತಲೆಯಾಡಿಸಿ, ಆಟೋ ಹತ್ತಿ ಸೀದಾ ಚರ್ಚಿಗೆ ಹೋದಳು. ಗಾಡಿಯನ್ನು ದೂರ ಪ್ರಯಾಣಕ್ಕೆ ಮೊದಲು ಸರ್ವೀಸಿಗೆ ಬಿಡುವುದಿಲ್ಲವೇ, ಹಾಗೆ. ಪಾಪನಿವೇದನೆ ಮಾಡಿ, ಪಾದ್ರಿ ಕೊಟ್ಟ ಪ್ರಾರ್ಥನೆ ಹೇಳಿ ಮುಗಿಸಿದರೆ ಪಾಪ ಹೋಯಿತು, ನಾಳೆ ಇಡುವ ಕೈ ಶುದ್ಧವಾಯಿತು ಎಂಬುದು ಅವಳ ಉಪಾಯ.

ಪಾಪನಿವೇದನೆಯ ಪೆಟ್ಟಿಗೆಯಲ್ಲಿ ವಯಸ್ಸಾದ ಫಾದರ್ ಒಬ್ಬರು ಕುಳಿತಿದ್ದರು. ಮಧ್ಯೆ ಜಾಲರಿ. ಮೇರಿ ಮಂಡಿಯೂರಿ ಎಲ್ಲವನ್ನೂ ಒದರಿದಳು: ಜಂಬ, ವ್ರತ, ಕಬಾಬು, ಟಿಕ್ಕು, ಅಜ್ಜಿ. ಅಪ್ಪನನ್ನು ಮಾತ್ರ ಬಿಟ್ಟಳು; ಅವನ ಪಾಪ ಅವನು ಹೇಳಿಕೊಳ್ಳಲಿ.

"ಶುಕ್ರವಾರಾನೇ ತಿಂದೆಯಾ?" ಎಂದರು ಫಾದರ್.

"ಹೌದು ಫಾದರ್."

"ಅದಕ್ಕೆ ಒಂದು ಪರಲೋಕ ಪ್ರಾರ್ಥನೆ ಹೇಳು, ಸಾಕು. ಕೋಳಿ ದೊಡ್ಡ ವಿಷಯ ಅಲ್ಲ. ನಂಬಿಸಿದ್ದು ದೊಡ್ಡದು. ಯಾರನ್ನ ನಂಬಿಸಿದೆಯೋ ಅವರಿಗೆ ಹೋಗಿ ನಿಜ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ."

ಮೇರಿ ಜಾಲರಿಗೆ ಮೂಗು ತಾಗಿಸಿದಳು. "ಫಾದರ್, ಅದರ ಬದ್ಲು ಜಪಸರ ಕೊಡಿ. ಐದು ಜಪಸರ ಹೇಳ್ತೀನಿ."

"ಬೇಡ."

"ಹತ್ತು? ಮಂಡಿ ಮೇಲೆ ನಿಂತು ಹೇಳ್ತೀನಿ."

"ಇದೇನು ಸಂತೇನಾಮ್ಮ, ಚೌಕಾಸಿ ಮಾಡೋಕೆ?"

"ಅಜ್ಜಿ ಆಪರೇಷನ್ ಬೇಡ ಅಂದ್ಬಿಟ್ರೆ ಫಾದರ್? ನನ್ನಿಂದ ಅವರು ಸತ್ತೋದ್ರೆ?"

ಜಾಲರಿಯ ಆಚೆಯ ನೆರಳು ಹತ್ತಿರಕ್ಕೆ ವಾಲಿತು. ಆಮೇಲೆ ಫಾದರ್ ಮೆಲ್ಲಗೆ, "ನನಗೂ ಅದು ಗೊತ್ತಿಲ್ಲಮ್ಮ," ಎಂದರು. "ಆದ್ರೆ ಅವರಿಗೆ ಬೇಕಾಗಿರೋದು ನಿನ್ನ ಉಪವಾಸ ಅಂತ ನೀನು ತಿಳ್ಕೊಂಡಿದೀಯ. ನನಗೇನೋ ಹಾಗನ್ಸಲ್ಲ. ಹೋಗು."

ಮೇರಿ ಬೈದುಕೊಳ್ಳುತ್ತಲೇ ಹೊರಗೆ ಬಂದಳು. ಬೇರೆ ಫಾದರ್ ಆಗಿದ್ದರೆ ಮೂರು ನಮೋ ಮರಿಯ ಪ್ರಾರ್ಥನೆಗೆ ಬಿಟ್ಟಿರುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವಳು ಆಸ್ಪತ್ರೆಗೆ ಹೋದಾಗ ಕಲ್ಲಮ್ಮನಿಗೆ ಹಸಿರು ಗೌನು ತೊಡಿಸಿದ್ದರು. ಹಾಸಿಗೆಯಲ್ಲಿ ಅವಳು ಒಂದು ಹಿಡಿ ಕಾಣುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ದಾರ. "ಬಂದ್ಯಾ? ಎಲ್ರೂ ಆಚೆ ಹೋಗ್ರಿ," ಎಂದಳು. ಷಡಕ್ಷರಪ್ಪ, ಅಕ್ಷರಾ ಹೊರಗೆ ನಡೆದರು. ಕಲ್ಲಮ್ಮ ಕಣ್ಣು ಮುಚ್ಚಿ ತಲೆಯನ್ನು ಸ್ವಲ್ಪ ಇತ್ತ ವಾಲಿಸಿದಳು.

ಮೇರಿಯ ಕೈ ಏಳಲಿಲ್ಲ.

"ಅಜ್ಜಿ, ನಾನು ವ್ರತದಲ್ಲಿಲ್ಲ. ಎರಡು ವಾರದ ಹಿಂದೇನೇ ಮುರಿದೆ. ಅಕ್ಷರಾಗೂ ಹೇಳಿಲ್ಲ."

ಕಲ್ಲಮ್ಮ ಕಣ್ಣು ಬಿಟ್ಟಳು. "ಏನ್ ತಿಂದೆ?"

"ಕಬಾಬು."

"ಹಂಗಂದ್ರೆ?"

"ಕೋಳಿ ಅಜ್ಜಿ. ಖಾರ ಹಚ್ಚಿ ಎಣ್ಣೇಲಿ ಕರೀತಾರೆ."

"ಬೋಂಡದ ಥರಾನಾ?"

"ಹೆಚ್ಚುಕಮ್ಮಿ ಹಂಗೇ."

"ರುಚಿ ಇತ್ತಾ?"

ಮೇರಿ ತಲೆ ತಗ್ಗಿಸಿದಳು. ಇಷ್ಟು ಹೇಳಿದ ಮೇಲೆ ಇದೊಂದನ್ನು ಮುಚ್ಚಿಟ್ಟು ಏನು? "ಇತ್ತು ಅಜ್ಜಿ."

ಮುದುಕಿ ನಗಲಿಲ್ಲ. ಸೂರು ನೋಡುತ್ತ ಮಲಗಿದಳು. ಅವಳ ಮುಖದಲ್ಲಿ ಸಿಟ್ಟು ಏರಿದ್ದು ಮೇರಿಗೆ ಕಂಡಿತು. ಅವಳಿಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು. "ಸುಮ್ನೆ ಕೈ ಇಟ್ಟು ಹೋಗಿದ್ರೆ ನನಗೆ ಗೊತ್ತಾಗ್ತಿತ್ತೇನೇ?" ಎಂದಳು ಕಲ್ಲಮ್ಮ ಕೊನೆಗೆ.

"ಇಲ್ಲ."

"ಮತ್ಯಾಕೆ ಬೊಗಳ್ದೆ?"

"ಫಾದರ್ ಹೇಳು ಅಂದ್ರು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅವರು ಹೇಳಿದ್ರೂ ಹೇಳೋದು ಬೇಡ ಅಂತಾನೇ ಬಂದೆ ಅಜ್ಜಿ. ಆದ್ರೆ ನೀವು ಕಣ್ಣು ಮುಚ್ಕೊಂಡ್ರಲ್ಲ. ಆಗ್ಲಿಲ್ಲ."

ಕಲ್ಲಮ್ಮ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು. ಎಪ್ಪತ್ತೆಂಟರ ಕೈಯಲ್ಲಿ ಅಷ್ಟು ಬಿಗಿಯಿತ್ತು.

"ನಾಲ್ಕು ದಿನದಿಂದ ಎಲ್ರೂ ಸಣ್ಣ ಆಪರೇಷನ್ನು, ಸಣ್ಣ ಆಪರೇಷನ್ನು ಅಂತಿದಾರೆ. ಸಣ್ಣದಾಗಿದ್ರೆ ನನ್ನ ಮಗ ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಯಾಕೆ ಅಳ್ತಿದ್ದ? ನನಗೆ ಕಿವಿ ಕೇಳಲ್ಲ ಅನ್ಕೊಂಡವ್ನೆ. ನಿನಗೆ ನಿಜ ಹೇಳೋ ರೋಗ ಐತಲ್ಲ, ನೀನು ಹೇಳು. ನಾನು ಎದ್ದು ಬರ್ತೀನಾ?"

ಬಾಯಿಗೆ ಬಂದ ಮಾತು 'ಏನೂ ಆಗಲ್ಲ ಅಜ್ಜಿ' ಎಂದೇ. ಮೇರಿ ಅದನ್ನು ನುಂಗಿದಳು. "ಗೊತ್ತಿಲ್ಲ ಅಜ್ಜಿ. ನಿಮ್ಮ ಹಾರ್ಟು ವೀಕು, ಷುಗರೂ ಇದೆ ಅಂತ ಡಾಕ್ಟ್ರು ಹೇಳಿದಾರಂತೆ. ಮಾಡಿಸ್ದೆ ಇದ್ರೆ ಮಾತ್ರ ಏಳೋದೇ ಇಲ್ಲ ಅಂದ್ರಂತೆ. ನನಗೆ ಗೊತ್ತಿರೋದು ಇಷ್ಟೇ."

"ನಿನಗೆ ಹೆದರಿಕೆ ಆಗ್ತಿದ್ಯಾ?"

"ಹೂಂ."

"ನನಗೂ," ಎಂದಳು ಕಲ್ಲಮ್ಮ. ನಾಲ್ಕು ದಿನದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಅವಳ ದವಡೆ ಸ್ವಲ್ಪ ಸಡಿಲವಾಯಿತು. "ಸರಿ, ಕೈ ಇಡು. ಕೇಳು."

"ಮುರಿದೋಳು ಅಂದ್ನಲ್ಲ ಅಜ್ಜಿ."

"ಮುರಿದೋಳ ಹಂಗೇ ಕೇಳು. ನನ್ನ ಸೊಂಟಾನೂ ಮುರಿದೇ ಐತೆ."

ಮೇರಿ ಕೈ ಇಟ್ಟಳು. ಮಾತು ಕಲಿತಂದಿನಿಂದ ಹೇಳುತ್ತಿದ್ದ ಪರಲೋಕ ಪ್ರಾರ್ಥನೆ ಅರ್ಧಕ್ಕೆ ಮರೆತುಹೋಯಿತು. ನಿದ್ದೆಗಣ್ಣಿನಲ್ಲೂ ತಪ್ಪದೆ ಹೇಳುತ್ತಿದ್ದದ್ದು, ಮುಂದಕ್ಕೆ ಒಂದು ಪದವೂ ಬರಲಿಲ್ಲ. "ಕರ್ತರೇ," ಎಂದಳು ಕೊನೆಗೆ, "ಇವರು ಎದ್ದು ಬರ್ಲಿ. ನಿಮ್ಮನ್ನ ಕೇಳೋಕೆ ನನಗೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ. ಬರ್ಲಿ, ಪ್ಲೀಸ್." ಅಷ್ಟೇ ಪ್ರಾರ್ಥನೆ. ಸಾವಿರ ಸಲ ಪೂಜೆಗೆ ನಿಂತಿದ್ದಳು. ನಿಜವಾಗಿ ಏನನ್ನಾದರೂ ಕೇಳಿದ್ದು ಆವತ್ತೇ ಮೊದಲು. ಅಳು ತಡೆಯಲಾಗಲಿಲ್ಲ.

"ಸಾಕು ಬಿಡು," ಎಂದಳು ಕಲ್ಲಮ್ಮ. "ನೆತ್ತಿಯೆಲ್ಲ ಒದ್ದೆ ಮಾಡ್ದೆ. ಕರಿ ಅವ್ರನ್ನ."

ಹತ್ತು ಗಂಟೆಗೆ ಅಜ್ಜಿಯನ್ನು ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಅಕ್ಷರಾ ಮೇರಿಯ ಕೈ ಹಿಡಿದು, "ಒಪ್ಪಿಸಿಬಿಟ್ಯಲ್ಲೇ! ನಿನ್ನ ವ್ರತಾನೇ ನಮ್ಮಜ್ಜೀನ ಉಳಿಸೋದು," ಎಂದಳು. ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ನಂಬಿಸಿದ್ದು ಒಬ್ಬರನ್ನಲ್ಲ. ಮೇರಿ ನಿಂತ ನಿಲುವಿನಲ್ಲಿ ಎಲ್ಲ ಹೇಳಿದಳು.

ಅಕ್ಷರಾ ಕೈ ಬಿಟ್ಟಳು. "ಯಾವತ್ತು ತಿಂದೆ?"

"ನಾನು ಭದ್ರಾವತಿಗೆ ಹೋಗಿದ್ನಲ್ಲ, ಆ ಶುಕ್ರವಾರ."

"ಅವತ್ತಿಂದ ದಿನಾ ಟಿಕ್ ಹಾಕ್ತಿದೀನಿ ನಾನು. ನೀನು ಮಂಚದ ಮೇಲೆ ಕೂತ್ಕೊಂಡು ನೋಡ್ತಿದ್ದೆ." ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ನಿನ್ನ ಬಗ್ಗೆ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ಅಜ್ಜಿಗೆ ಏನಾದ್ರೂ ಆಗ್ಲಿ ಮೇರಿ, ನಿನ್ನ ಮುಖ ನೋಡಲ್ಲ."

ಹೋಗಿ ದೂರದ ಕೊನೆಯ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತಳು. ಮೇರಿ ಪಿ.ಜಿ.ಗೆ ಹೊರಟುಹೋಗಲು ಎರಡು ಸಲ ಎದ್ದಳು, ಎರಡು ಸಲವೂ ಕುಳಿತಳು. ಒಳಗೆ ಹೋದವಳಿಗಾಗಿ ಕೇಳಿಕೊಂಡಾಗಿತ್ತು. ಕೇಳಿ ಅರ್ಧಕ್ಕೆ ಎದ್ದುಹೋಗುವುದು ಹೇಗೆ? ಷಡಕ್ಷರಪ್ಪ ಇಬ್ಬರು ಹುಡುಗಿಯರ ಮಧ್ಯದ ಖಾಲಿ ಬೆಂಚುಗಳನ್ನು ನೋಡಿ ಏನೂ ಅರ್ಥವಾಗದೆ ಗೋಡೆ ಗಡಿಯಾರ ನೋಡುತ್ತಿದ್ದ.

ಹನ್ನೊಂದಾಯಿತು. ಹನ್ನೆರಡಾಯಿತು. ಒಂದು ಗಂಟೆಗೆ ಸ್ವಲ್ಪ ಮೊದಲು ನರ್ಸೊಬ್ಬಳು ಮಾಸ್ಕು ಇಳಿಸುತ್ತ ಹೊರಗೆ ಬಂದಳು.

"ಕಲ್ಲಮ್ಮನ ಕಡೆಯೋರು ಯಾರು? ಆಪರೇಷನ್ ಚೆನ್ನಾಗಾಯ್ತು. ಅಜ್ಜಿ ಎಚ್ಚರವಾಗೇ ಇದಾರೆ, ಮಾತಾಡ್ತಿದಾರೆ." ಷಡಕ್ಷರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನರ್ಸು ಅಲ್ಲಿಗೇ ನಿಲ್ಲಲಿಲ್ಲ. "ಕಬಾಬ್ ಹುಡುಗೀನ ಒಳಗೆ ಕಳ್ಸಿ ಅಂತ ಒಂದೇ ಸಮ ಹಟ ಮಾಡ್ತಿದಾರೆ. ಯಾರದು, ಕಬಾಬ್ ಹುಡುಗಿ?"

ಷಡಕ್ಷರಪ್ಪ ಮುಖದಿಂದ ಕೈ ತೆಗೆದ. "ಏನ್ ಮಾತಾಡ್ತಿದೀಯಮ್ಮ? ನಾವು ಲಿಂಗಾಯತರು. ನಮ್ಮವ್ವನ ಬಾಯಲ್ಲಿ ಅಂಥ ಹೆಸ್ರು ಬರೋದಿಲ್ಲ. ಬೇರೆ ಯಾವ್ದೋ ಪೇಷಂಟಿರ್ಬೇಕು, ಸರಿಯಾಗಿ ನೋಡು."

"ಅವರೇ ಸರ್. ಬೋಂಡದ ಥರ ಇರುತ್ತಂತೆ ಅಂತ ನಮ್ಮ ಡಾಕ್ಟ್ರಿಗೂ ಹೇಳಿದ್ರು."

ಮೇರಿ ನೆಲ ನೋಡುತ್ತ ಕುಳಿತೇ ಇದ್ದಳು. ಎದ್ದು ನಾನೇ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಕೊನೆಯ ಬೆಂಚಿನಿಂದ ಚಪ್ಪಲಿಯ ಸದ್ದು ಬಂತು. ಅಕ್ಷರಾ ಅವಳ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು, ವಿಭೂತಿ ಕಲಸಿಹೋಗಿತ್ತು.

"ಇವಳೇ ಅಪ್ಪಾ," ಎಂದಳು. ಆಮೇಲೆ ಮೇರಿಗೆ, "ಏಳೇ. ಕರೀತಿದಾರಲ್ಲ, ಕಿವಿ ಕೇಳಲ್ವಾ?"

"ನೀನು ಮೊಮ್ಮಗಳು. ನೀನು ಹೋಗು ಮೊದ್ಲು."

"ನನ್ನನ್ನ ಕೇಳ್ತಿಲ್ವಲ್ಲ, ನಿನ್ನನ್ನ ಕೇಳ್ತಿದಾರೆ." ಅಕ್ಷರಾ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿದಳು. "ನನ್ನ ಕೋಪ ಹೋಗಿದೆ ಅನ್ಕೋಬೇಡ. ಈಸ್ಟರ್ ತನಕ ನಿನ್ನ ಜೊತೆ ಒಂದು ಮಾತೂ ಆಡಲ್ಲ ನಾನು."

ಈಸ್ಟರಿಗೆ ಇನ್ನೂ ಒಂಬತ್ತು ದಿನವಿತ್ತು. ವಾರ್ಡಿನ ಬಾಗಿಲು ಮುಟ್ಟುವವರೆಗೂ ಅಕ್ಷರಾ ಹಿಡಿದ ತೋಳು ಬಿಡಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ.